ಒಂದು ಒರೆ, ಎರಡು ಕತ್ತಿ, ಎರಡು ಕಥೆ

ಒಂದೂವರೆ ವರ್ಷದಿಂದ ವಾರಕ್ಕೆ ಮೂರು ದಿನ ಬೆಳಗ್ಗೆ ಟೆರೇಸಿನ ಮೇಲೆ ಎರಡು ಮರದ ಕತ್ತಿ ಹಿಡಿದುಕೊಂಡು ಗಾಳಿಯ ಜೊತೆ ಹೊಡೆದಾಡುತ್ತಿದ್ದೇನೆ. ಕೆಳಗಿನ ಮನೆಯ ಆಂಟಿ ಮೊದಲ ದಿನ ಬಟ್ಟೆ ಒಣಹಾಕಲು ಬಂದವರು ನನ್ನ ಅವತಾರ ನೋಡಿ ಬಕೆಟ್ಟು ಅಲ್ಲೇ ಬಿಟ್ಟು ಇಳಿದು ಹೋಗಿದ್ದರು. ಈಗ ಅವರಿಗೂ ರೂಢಿಯಾಗಿದೆ. "ಏನಪ್ಪಾ, ಇವತ್ತು ಯಾರನ್ನ ಕಡೀತಿದೀಯಾ?" ಅಂತ ಕೇಳಿ ತಮ್ಮ ಪಾಡಿಗೆ ತಾವು ಸೀರೆ ಹಿಂಡುತ್ತಾರೆ.

ಅವರು ಕೇಳುವುದು ತಮಾಷೆಗೆ. ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಒಂದು ದಿನ ಆ ಪ್ರಶ್ನೆ ತಲೆಯಲ್ಲೇ ಉಳಿದುಬಿಟ್ಟಿತು. ಹೌದಲ್ಲ, ಈ ಕತ್ತಿ ಹುಟ್ಟಿದ್ದು ಯಾರನ್ನ ಕಡಿಯೋಕೆ? ಹುಡುಕಿಕೊಂಡು ಹೋದೆ. ಸಿಕ್ಕ ಉತ್ತರ ನಾನು ಅಂದುಕೊಂಡಿದ್ದಲ್ಲ. ಸ್ವಲ್ಪ ಕಸಿವಿಸಿಯೂ ಆಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕತ್ತಿಯ ವಿಷಯ. ನಾನು ಕಲಿಯುತ್ತಿರುವುದು ವಿಂಗ್ ಚುನ್ ಅನ್ನುವ ಚೀನೀ ಕುಸ್ತಿ ಕಲೆ. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ್ದು. ಬ್ರೂಸ್ ಲೀ ಹುಡುಗನಾಗಿದ್ದಾಗ ಹಾಂಗ್‌ಕಾಂಗಿನಲ್ಲಿ ಕಲಿತದ್ದು ಇದನ್ನೇ. 2008ರಲ್ಲಿ ಶುರುವಾದ 'ಇಪ್ ಮ್ಯಾನ್' ಸರಣಿಯ ಸಿನಿಮಾಗಳನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಆ ಸರಣಿಯ ಮೂರನೆಯ ಚಿತ್ರದ (2015) ಕೊನೆಯ ಹೊಡೆದಾಟ ನೆನಪಿದೆಯಾ? ಮೊದಲು ಉದ್ದನೆಯ ದೊಣ್ಣೆ, ಆಮೇಲೆ ಎರಡೆರಡು ಗಿಡ್ಡ ಕತ್ತಿ, ಕೊನೆಗೆ ಬರಿಗೈ. ಆ ಗಿಡ್ಡ ಕತ್ತಿಗಳೇ ನಮ್ಮ ಕಥಾನಾಯಕರು.

ವಿಂಗ್ ಚುನ್‌ನಲ್ಲಿ ಕಲಿಯುವುದಕ್ಕೆ ಇರುವುದು ಬಹಳ ಕಡಿಮೆ. ಬರಿಗೈಯ ಮೂರು ವರಸೆ, ಮರದ ಬೊಂಬೆಯ ಮೇಲೆ ಒಂದು ವರಸೆ, ಉದ್ದ ದೊಣ್ಣೆಯದ್ದೊಂದು, ಎಲ್ಲಕ್ಕಿಂತ ಕೊನೆಗೆ ಜೋಡಿ ಕತ್ತಿಯದ್ದೊಂದು. ಅಷ್ಟೇ. ಕತ್ತಿಯ ವರಸೆಗೆ ಅಲ್ಲಿನ ಕ್ಯಾಂಟನೀಸ್ ಭಾಷೆಯಲ್ಲಿ 'ಬಾಟ್ ಜಾಮ್ ದೋ' ಅನ್ನುತ್ತಾರೆ. ಬಾಟ್ ಅಂದರೆ ಎಂಟು, ಜಾಮ್ ಅಂದರೆ ಕಡಿಯುವುದು, ದೋ ಅಂದರೆ ಕತ್ತಿ. ಎಂಟು ಕಡಿತದ ಕತ್ತಿ ಅನ್ನಬಹುದು. ವರಸೆಯಲ್ಲಿ ಎಂಟು ಭಾಗಗಳಿವೆ.

ಈ 'ದೋ' ಶಬ್ದ (ಮ್ಯಾಂಡರಿನ್‌ನಲ್ಲಿ 'ದಾವ್') ಸ್ವಾರಸ್ಯದ್ದು. ಒಂದೇ ಕಡೆ ಬಾಯಿ ಇರುವ ಯಾವ ಅಲಗಾದರೂ ದೋ. ಅಡುಗೆಮನೆಯ ಚಾಕುವೂ ದೋ, ಸೈನಿಕನ ಖಡ್ಗವೂ ದೋ. ಎರಡೂ ಕಡೆ ಬಾಯಿ ಇದ್ದರೆ ಅದಕ್ಕೆ ಬೇರೆ ಹೆಸರು. ಇಂಗ್ಲಿಷಿನವರು ಇದನ್ನು ಚಾಕು ಅನ್ನಬೇಕೋ ಖಡ್ಗ ಅನ್ನಬೇಕೋ ತಿಳಿಯದೆ ಒದ್ದಾಡುತ್ತಾರೆ. ನಮಗೆ ಆ ಕಷ್ಟವಿಲ್ಲ. ನಮ್ಮ ಮಲೆನಾಡು-ಕರಾವಳಿ ಕಡೆ ಸೊಪ್ಪು ಕಡಿಯುವುದೂ ಕತ್ತಿಯೇ, ಯಕ್ಷಗಾನದ ರಾಜ ಝಳಪಿಸುವುದೂ ಕತ್ತಿಯೇ. ಹಾಗಾಗಿ ಕತ್ತಿ ಅಂತಲೇ ಬರೆಯುತ್ತೇನೆ.

ದಕ್ಷಿಣ ಚೀನಾದ ಬೇರೆ ಕುಸ್ತಿ ಪರಂಪರೆಗಳಲ್ಲೂ ಈ ಜೋಡಿ ಇದೆ. ಹುಂಗ್ ಗಾರ್‌ನವರು ತಮ್ಮದನ್ನು 'ತಾಯಿ-ಮಗ ಜೋಡಿ ಕತ್ತಿ' ಅನ್ನುತ್ತಾರೆ. ಚೋಯ್ ಲಿ ಫಟ್‌ನವರಲ್ಲೂ ಇದೆ. ಎಲ್ಲರದ್ದಕ್ಕೂ ಸೇರಿ ಇರುವ ಹೆಸರು ಚಿಟ್ಟೆ ಕತ್ತಿ. ಇದರ ಮುಖ್ಯ ಗುಟ್ಟು ಇರುವುದು ಒರೆಯಲ್ಲಿ. ಎರಡು ಕತ್ತಿಗೂ ಸೇರಿ ಒಂದೇ ಒರೆ. ಪ್ರತಿ ಹಿಡಿಯ ಒಳಮೈಯನ್ನು ಚಪ್ಪಟೆ ಮಾಡಿರುತ್ತಾರೆ, ಒಂದಕ್ಕೊಂದು ಅಂಟಿಸಿದರೆ ಹುಣಸೆ ಬೀಜದ ಎರಡು ಹೋಳು ಕೂಡಿದ ಹಾಗೆ ಕೂತುಕೊಳ್ಳುತ್ತವೆ. ದೂರದಿಂದ ನೋಡಿದವನಿಗೆ ಒಂದೇ ಕತ್ತಿ, ಎಳೆದಾಗ ಎರಡು! ಬೆರಳುಗಳ ಮುಂದೆ ಕಾವಲಿಗೆ ಲೋಹದ ಬಳೆ. ಅಲಗಿನ ಬೆನ್ನಿನ ಕಡೆ ಒಂದು ಕೊಕ್ಕೆ. ಎದುರಾಳಿಯ ಅಲಗು ಜಾರಿ ಬಂದರೆ ಆ ಕೊಕ್ಕೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅದೇ ಕೊಕ್ಕೆಗೆ ಹೆಬ್ಬೆರಳು ಕೊಟ್ಟು ಮೀಟಿದರೆ ಕತ್ತಿ ಕೈಯಲ್ಲೇ ತಿರುಗಿ ಮೊಳಕೈ ಕಡೆಗೆ ಮಲಗುತ್ತದೆ.

ಹಾಗಂತ ಬರೆಯುವುದು ಸುಲಭ, ಮೀಟುವುದು ಕಷ್ಟ. ಮೊದಲ ತಿಂಗಳು ನನ್ನ ಕತ್ತಿ ತಿರುಗಿ ಮೊಳಕೈಗೆ ಬರುವ ಬದಲು ಕಾಲ್ಬೆರಳಿಗೆ ಬರುತ್ತಿತ್ತು. ಮರದ್ದಾದ್ದರಿಂದ ಬೆರಳು ಉಳಿದಿದೆ :-) ಮರದ್ದೇ ಯಾಕೆ ಅಂದರೆ, ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಮನೆಗೆಲಸ, ಹೊಲಗೆಲಸಕ್ಕಲ್ಲದೆ ಮಾಡಿದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಹರಿತ ಅಲಗು ಆಯುಧದ ಪಟ್ಟಿಗೆ ಸೇರುತ್ತದೆ. ಆ ರಗಳೆ ಯಾರಿಗೆ ಬೇಕು.

ಎರಡು ಕೈಗೂ ಒಂದೊಂದು ಕತ್ತಿ ಕೊಟ್ಟ ತಕ್ಷಣ ಗೊತ್ತಾಗುವ ಸಂಗತಿ ಅಂದರೆ ನಮ್ಮ ದೊಡ್ಡ ಶತ್ರು ನಮ್ಮದೇ ಇನ್ನೊಂದು ಕೈ. ಬಲಗೈ ಬೀಸುವಾಗ ಎಡಗೈ ಅದರ ದಾರಿಯಲ್ಲಿ ಇರಬಾರದು. ಹಾಗಂತ ದೂರ ಹೋಗಿ ಸುಮ್ಮನೆ ನಿಲ್ಲಲೂಬಾರದು, ಮುಚ್ಚುವ ಕೆಲಸ ಅದರದ್ದು. ಒಂದು ಕಾಯುವಾಗ ಒಂದು ಕಡಿಯುತ್ತದೆ, ಮರುಕ್ಷಣ ಅದಲುಬದಲು. ಬರಿಗೈಯಲ್ಲಿ ಹೆಜ್ಜೆ ತಪ್ಪಿದರೆ ಏಟು ಸ್ವಲ್ಪ ಬಡವಾಗುತ್ತದೆ ಅಷ್ಟೇ. ಇಲ್ಲಿ ಹೆಜ್ಜೆ ತಪ್ಪಿದರೆ ನಮ್ಮ ಮಣಿಕಟ್ಟಿಗೆ ನಾವೇ ಕೊಟ್ಟುಕೊಳ್ಳುತ್ತೇವೆ. ಹಾಗಾಗಿ ಕತ್ತಿ ಕಲಿಸುವುದು ಕೈಯನ್ನಲ್ಲ, ಕಾಲನ್ನು ಅಂತ ನಮ್ಮ ಮೇಷ್ಟ್ರು ಹೇಳುತ್ತಿರುತ್ತಾರೆ.

ನಾನು ಕ್ಲಾಸಿಗೆ ಸೇರಿದ್ದು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ. ಕತ್ತಿ ಕೈಗೆ ಬಂದಿದ್ದು ಏಳು ವರ್ಷ ಕಳೆದ ಮೇಲೆ. "ಇದು ಕೊನೆಯ ಪಾಠ, ಎಲ್ಲರಿಗೂ ಕೊಡೋದಲ್ಲ" ಅಂತ ಹೇಳಿ ಮೇಷ್ಟ್ರು ಅವತ್ತು ಕಥೆಯನ್ನೂ ಹೇಳಿದರು. ಮೊದಲ ಕಥೆ ಅದು.

ಮಂಚು ದೊರೆ ಕಾಂಗ್ಶಿಯ ಕಾಲ (1662-1722). ದಂಗೆಕೋರರ ಬೀಡು ಅಂತ ಸರ್ಕಾರ ಶಾವೊಲಿನ್ ಮಠಕ್ಕೆ ಬೆಂಕಿ ಹಚ್ಚಿತು. ಪಾರಾದವರಲ್ಲಿ ಒಬ್ಬಳು ಸನ್ಯಾಸಿನಿ, ಹೆಸರು ಙ್ ಮುಯಿ. ಅವಳು ಯಿಮ್ ವಿಂಗ್‌ಚುನ್ ಅನ್ನುವ ಹುಡುಗಿಗೆ, ಬಲವಂತದ ಮದುವೆಗೆ ಪೀಡಿಸುತ್ತಿದ್ದ ಪುಂಡನೊಬ್ಬನಿಂದ ತಪ್ಪಿಸಿಕೊಳ್ಳಲು, ಈ ವಿದ್ಯೆ ಕಲಿಸಿದಳು. ಹುಡುಗಿ ಅವನನ್ನು ಸೋಲಿಸಿ, ತಾನು ಮೆಚ್ಚಿದ್ದ ಲಿಯುಂಗ್ ಬೋಕ್‌ಚಾವ್‌ನನ್ನು ಮದುವೆಯಾಗಿ ಅವನಿಗೆ ಕಲಿಸಿದಳು. ಅವನಿಂದ ಲಿಯುಂಗ್ ಲಾನ್‌ಕ್ವಾಯ್, ಅವನಿಂದ ನಾಟಕದವನಾದ ವೊಂಗ್ ವಾಬೊ, ಅವನಿಂದ ಫೋಶಾನ್ ಊರಿನ ನಾಟಿ ವೈದ್ಯ ಲಿಯುಂಗ್ ಜಾನ್, ಅವನಿಂದ ಚಾನ್ ವಾಶುನ್, ಅವನಿಂದ ಇಪ್ ಮ್ಯಾನ್.

ಎಷ್ಟು ಚೆಂದದ ಕಥೆ! ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮೊದಲಿಂದಲೂ ನನಗೊಂದು ಕೆಟ್ಟ ಚಾಳಿ, ಯಾವುದೇ ಪಟ್ಟಿ ಕಂಡರೂ ಲೆಕ್ಕ ಹಾಕುವುದು. ಲಿಯುಂಗ್ ಜಾನ್ ಹುಟ್ಟಿದ್ದು 1826ರಲ್ಲಿ ಅಂತ ಪರಂಪರೆಯವರೇ ಹೇಳುತ್ತಾರೆ. ಅಂದರೆ ಅವನು ಕಲಿತದ್ದು 1840ರ ಆಸುಪಾಸು ಇರಬೇಕು. ಕಾಂಗ್ಶಿ ಸತ್ತಿದ್ದು 1722ರಲ್ಲಿ. ಹುಡುಗಿಯ ಕಥೆಯನ್ನು ಕಾಂಗ್ಶಿ ಆಳ್ವಿಕೆಯ ಕೊನೆಯ ವರ್ಷಕ್ಕೇ ತಂದು ನಿಲ್ಲಿಸಿದರೂ ನಡುವೆ ಸುಮಾರು 120 ವರ್ಷ. ಅಷ್ಟು ವರ್ಷಕ್ಕೆ ಇರುವುದು ಗಂಡ-ಹೆಂಡತಿಯ ಒಂದು ತಲೆಮಾರು, ಮತ್ತೆ ಇಬ್ಬರೇ ಇಬ್ಬರು ಗಂಡಸರು. ಪ್ರತಿಯೊಬ್ಬರೂ ಎಳೆ ವಯಸ್ಸಿನಲ್ಲಿ ಕಲಿತು, ಹಣ್ಣುಹಣ್ಣು ಮುದುಕರಾಗುವ ತನಕ ಬದುಕಿ, ಆಗಷ್ಟೇ ಕಲಿಸಿರಬೇಕು. ಅಸಾಧ್ಯ ಅನ್ನಲಾರೆ, ಆದರೆ ಎಳೆದು ಎಳೆದು ಮುಟ್ಟಿಸಿದ ಲೆಕ್ಕ.

ಮಠ ಸುಟ್ಟ ಸಂಗತಿಗೂ ಆ ಕಾಲದ ಸರ್ಕಾರಿ ದಾಖಲೆಗಳ ಆಧಾರವಿಲ್ಲ. ಅದು ತ್ಯಾನ್‌ದಿಹುಯಿ ಅನ್ನುವ ಗುಪ್ತಸಂಘ ಹೊಸ ಸದಸ್ಯರಿಗೆ ದೀಕ್ಷೆ ಕೊಡುವಾಗ ಹೇಳುತ್ತಿದ್ದ ಹುಟ್ಟುಕಥೆಯ ಬಳಗಕ್ಕೆ ಸೇರಿದ್ದು. ಸನ್ಯಾಸಿನಿಯದ್ದು ಇನ್ನೂ ತಮಾಷೆ. ಅವಳು ಪುಸ್ತಕದಲ್ಲಿ ಕಾಣಿಸಿಕೊಳ್ಳುವುದು 1893ರಲ್ಲಿ ಶಾಂಘೈನಲ್ಲಿ ಅಚ್ಚಾದ 'ವಾನ್ ನ್ಯೆನ್ ಛಿಂಗ್' ಅನ್ನುವ ಸಾಹಸ ಕಾದಂಬರಿಯಲ್ಲಿ. ಅದರಲ್ಲಿ ಅವಳು ಶಾವೊಲಿನ್ನಿನ ರಕ್ಷಕಿಯಲ್ಲ, ಅದನ್ನು ನಾಶ ಮಾಡುವವರ ಕಡೆಯವಳು! 1930ರ ದಶಕದಲ್ಲಿ ಬಂದ ಮರುಬರಹಗಳಲ್ಲಿ ಒಳ್ಳೆಯವಳಾದಳು. ಇಪ್ ಮ್ಯಾನ್ ಹುಟ್ಟಿದ್ದೂ 1893ರಲ್ಲೇ. ಅಂದರೆ ನಮ್ಮ ಕುಲದ ಮೂಲಗುರು ಅಚ್ಚಿನಲ್ಲಿ ಕಾಣಿಸಿಕೊಂಡಿದ್ದೂ ಅವಳ ಕಥೆ ಬರೆದಿಟ್ಟ ಕೊನೆಯ ಗುರು ತೊಟ್ಟಿಲಿಗೆ ಬಂದಿದ್ದೂ ಒಂದೇ ವರ್ಷ. ಕಥೆಯನ್ನು ಇಪ್ ಮ್ಯಾನ್ ಹಾಂಗ್‌ಕಾಂಗಿನಲ್ಲಿದ್ದಾಗ ತನ್ನ ಕೈಯಾರೆ ಬರೆದಿಟ್ಟಿದ್ದ, ಆ ಬರಹ ಉಳಿದಿದೆ. ಅವನು ಸುಳ್ಳು ಹೇಳಿದ ಅಂತ ನಾನು ಹೇಳುತ್ತಿಲ್ಲ. ತಾನು ಕೇಳಿದ್ದನ್ನು ಬರೆದ.

ಇದನ್ನೆಲ್ಲ ಓದಿದ ವಾರ ಟೆರೇಸಿಗೆ ಹೋಗಲಿಲ್ಲ. ಸುಳ್ಳೇ ಬರೆಯುವುದೇಕೆ, ಬೇಜಾರಾಗಿತ್ತು. ಏಳು ವರ್ಷ ಕಾದು ಪಡೆದ ಒಡವೆ ಗಿಲೀಟಿನದ್ದು ಅಂತ ಗೊತ್ತಾದ ಹಾಗೆ.

ಸರಿ, ಕಥೆ ಬಿಡೋಣ, ಕತ್ತಿಯಾದರೂ ನಿಜ ತಾನೆ? ಅದು ಎಲ್ಲಿಂದ ಬಂತು? ಎರಡನೆಯ ಕಥೆ ಇಲ್ಲಿ ಶುರುವಾಗುತ್ತದೆ. ಇದಕ್ಕೆ ದಾಖಲೆ ಇದೆ.

1839ರ ಮಾರ್ಚಿನಲ್ಲಿ ಲಿನ್ ಝೆಶು ಅನ್ನುವ ಅಧಿಕಾರಿ ಚಕ್ರವರ್ತಿಯ ಆಜ್ಞೆ ಹೊತ್ತು ಗುವಾಂಗ್‌ಝೌಗೆ ಬಂದ. ಅಫೀಮು ನಿಲ್ಲಿಸುವುದು ಅವನ ಕೆಲಸ. ಜೂನ್‌ನಲ್ಲಿ ಹೂಮೆನ್ ಅನ್ನುವಲ್ಲಿ ಇಂಗ್ಲಿಷ್ ವ್ಯಾಪಾರಿಗಳಿಂದ ವಶಪಡಿಸಿಕೊಂಡ 20 ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ಹಾಳುಮಾಡಿಸಿದ. ಯುದ್ಧ ಬರುತ್ತದೆ ಅನ್ನುವುದು ಗೊತ್ತಿತ್ತು. ಮಾಮೂಲಿ ಸೈನ್ಯದ ಮೇಲೆ ಪೂರ್ತಿ ಭರವಸೆ ಇರಲಿಲ್ಲ. ಹಾಗಾಗಿ ಊರೂರಿನ ರೈತರನ್ನೂ ಮೀನುಗಾರರನ್ನೂ ಕಟ್ಟಿ ಪಡೆ ಮಾಡುವ ಕೆಲಸ ಶುರುವಾಯಿತು. ಅಂಥವರಿಗೆ ಎಂಥ ಆಯುಧ ಕೊಡಬೇಕು? ಅಗ್ಗವಾಗಿರಬೇಕು. ಸೊಂಟಕ್ಕೆ ಸಿಕ್ಕಿಸಿಕೊಂಡು ದೋಣಿ ಹತ್ತುವಂತಿರಬೇಕು. ಓಣಿಯಲ್ಲಿ ಬೀಸಿದರೆ ಗೋಡೆಗೆ ತಾಗಬಾರದು. ಈ ಕೆಲಸಕ್ಕೆ ಜೋಡಿ ಕತ್ತಿ ಹೇಳಿ ಮಾಡಿಸಿದ ಹಾಗಿತ್ತು.

ಇದನ್ನು ಕಣ್ಣಾರೆ ನೋಡಿ ಬರೆದವರಲ್ಲಿ ಒಬ್ಬ ಬ್ರಿಟಿಷ್ ನೌಕಾಪಡೆಯ ಲೆಫ್ಟಿನೆಂಟ್ ಜಾನ್ ಎಲಿಯಟ್ ಬಿಂಗಮ್. ಯುದ್ಧದ ಬಗ್ಗೆ ಅವನು ಬರೆದ ಪುಸ್ತಕದಲ್ಲಿ ಚೀನೀಯರ ಜೋಡಿ ಕತ್ತಿಯ ವರ್ಣನೆ ಇದೆ. ಒಂದೇ ಒರೆಯಲ್ಲಿ ಎರಡು ಕೂರುವ ಉಪಾಯ ಅವನ ಕಣ್ಣಿಗೂ ಬಿದ್ದಿತ್ತು. ಓದುವಾಗ ಮೈ ಜುಮ್ಮೆಂದಿತು. ನನ್ನ ಕೋಣೆಯ ಮೂಲೆಯಲ್ಲಿ ಒರಗಿಸಿಟ್ಟಿರುವ ವಸ್ತುವನ್ನು 180 ವರ್ಷದ ಹಿಂದೆ ಯಾರೋ ಎದುರು ಪಾಳಯದಿಂದ ನೋಡಿ ಬರೆದಿದ್ದಾನೆ!

ಎದುರು ಪಾಳಯ ಅಂದೆನಲ್ಲ. ಆ ಪಾಳಯದಲ್ಲಿ ಯಾರಿದ್ದರು?

1841ರ ಮೇ ತಿಂಗಳ ಕೊನೆ. ಜನರಲ್ ಹ್ಯೂ ಗಫ್ ನೇತೃತ್ವದ ಸೈನ್ಯ ಗುವಾಂಗ್‌ಝೌ ಊರಿನ ಉತ್ತರದ ಗುಡ್ಡಗಳನ್ನು ಹಿಡಿದು ಕೂತಿತ್ತು. ಊರನ್ನು ಬಿಡಲು 60 ಲಕ್ಷ ಡಾಲರ್ ದಂಡ ಕೊಡಲು ಅಧಿಕಾರಿಗಳು ಒಪ್ಪಿಕೊಂಡಿದ್ದರು. ಅಷ್ಟರಲ್ಲಿ ಸೈನಿಕರು ಸುತ್ತಲಿನ ಹಳ್ಳಿಗಳಿಗೆ ನುಗ್ಗಿ ದೋಚಿದ್ದರು, ಗೋರಿಗಳನ್ನೂ ಬಿಟ್ಟಿರಲಿಲ್ಲ. ಮೇ 30ರಂದು ಸಾನ್‌ಯುವಾನ್‌ಲಿ ಅನ್ನುವ ಹಳ್ಳಿಯ ಹತ್ತಿರ ಸಾವಿರಾರು ರೈತರು ಈಟಿ, ಕತ್ತಿ, ಗುದ್ದಲಿ, ಸಿಕ್ಕಿದ್ದು ಹಿಡಿದು ಸೇರಿದರು. ಸೈನ್ಯ ಅವರನ್ನು ಹಿಂದಕ್ಕೆ ಅಟ್ಟುತ್ತಾ ಹೋಯಿತು. ಆಗ ಗುಡುಗು ಸಮೇತ ಮಳೆ ಹೊಯ್ಯಿತು. ಗದ್ದೆಯ ಬದು ಯಾವುದು, ನೀರು ಯಾವುದು ತಿಳಿಯದ ಹಾಗೆ ಆಯಿತು. ಆ ಮಳೆಯಲ್ಲಿ ಒಂದು ತುಕಡಿ ದಾರಿ ತಪ್ಪಿ ಒಂಟಿಯಾಯಿತು. ಅವರ ಹತ್ತಿರ ಇದ್ದದ್ದು ಚಕಮಕಿ ಕಲ್ಲಿನ ಬಂದೂಕು. ಮದ್ದು ನೆನೆದು ಹೋಯಿತು, ಗುಂಡು ಹಾರಲಿಲ್ಲ. ಸುತ್ತಲೂ ರೈತರು. ತುಕಡಿಯವರು ಚೌಕಾಕಾರವಾಗಿ ನಿಂತು ಬರೀ ಬಂದೂಕಿನ ತುದಿಯ ಬಾಕಿನಲ್ಲಿ ಜೀವ ಹಿಡಿದುಕೊಂಡರು. ರಾತ್ರಿ ಆದಮೇಲೆ, ಮಳೆಯಲ್ಲೂ ಹಾರುವ ಹೊಸ ಬಗೆಯ ಬಂದೂಕಿನ ನೌಕಾ ಸೈನಿಕರು ಹುಡುಕಿಕೊಂಡು ಬಂದು ಬಿಡಿಸಿಕೊಂಡು ಹೋದರು.

ಆ ತುಕಡಿ ಯಾವುದು ಗೊತ್ತಾ? 37ನೇ ಮದ್ರಾಸ್ ನೇಟಿವ್ ಇನ್‌ಫೆಂಟ್ರಿ.

ಮದ್ರಾಸ್ ಸೈನ್ಯ. ಮಳೆಯಲ್ಲಿ ನೆನೆದು ನಡುಗುತ್ತಾ ನಿಂತಿದ್ದವರು ನಮ್ಮ ಈ ಕಡೆಯ ಸಿಪಾಯಿಗಳು. ಆಗ ಬಳ್ಳಾರಿ, ಮಂಗಳೂರು, ಕಾರವಾರ ಎಲ್ಲ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. ಚೌಕದಲ್ಲಿ ಕನ್ನಡ ಮಾತಾಡುವವರು ಇದ್ದರು ಅಂತ ನಾನು ಹೇಳುತ್ತಿಲ್ಲ. ಆದರೆ ಯುದ್ಧಕ್ಕೆ ಕಾರಣವಾದ ಅಫೀಮು ಬೆಳೆದದ್ದೂ ನಮ್ಮ ನೆಲದಲ್ಲೇ. ಬಿಹಾರ-ಬನಾರಸ್ ಕಡೆಯದ್ದು ಕಂಪನಿಯ ಕಾರ್ಖಾನೆಗಳಿಂದ ಕಲ್ಕತ್ತೆಗೆ, ಮಾಳವದ್ದು ಬೊಂಬಾಯಿಗೆ, ಅಲ್ಲಿಂದ ಹಡಗಿನಲ್ಲಿ ಚೀನಾಕ್ಕೆ. ಇಂಥ ಕತ್ತಿ ಹಿಡಿದು ಕಾಯುತ್ತಿದ್ದ ಚೀನೀ ರೈತನ ಕಣ್ಣಿಗೆ ನಾವು ಕಂಡಿದ್ದು ಹೀಗೆ, ಅಫೀಮಿನ ಪೆಟ್ಟಿಗೆಯ ಹಿಂದೆ ಮತ್ತು ಬಂದೂಕಿನ ಹಿಂದೆ. ಅಫೀಮು ಬೆಳೆದವನಿಗೂ ಕಂಪನಿಯ ಬಲವಂತ, ಬಂದೂಕು ಹಿಡಿದವನಿಗೂ ಹೊಟ್ಟೆಪಾಡು, ನಿಜ. ಆದರೂ ಆಂಟಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಈ ಕತ್ತಿಯನ್ನು ಸಾವಿರಗಟ್ಟಲೆ ಹಂಚಿದ್ದು ಯಾರನ್ನ ಕಡಿಯೋಕೆ? ನಮ್ಮಂಥವರನ್ನೂ ಸೇರಿಸಿ.

ಆಮೇಲೆ ಏನಾಯಿತು ಅನ್ನುವುದು ನನಗೆ ಇನ್ನೂ ಕುತೂಹಲದ ವಿಷಯ. ಊರಿನ ರೈತನಿಗೆ ಆತುರಾತುರವಾಗಿ ಕಲಿಸಿ ಹಂಚಿದ ಆಯುಧ ನೂರು ವರ್ಷ ಕಳೆಯುವಷ್ಟರಲ್ಲಿ 'ಎಲ್ಲರಿಗೂ ಕೊಡೋದಲ್ಲ' ಅನ್ನುವ ಕೊನೆಯ ಪಾಠವಾಯಿತು. ಲಿನ್ ಝೆಶು ಬಂದದ್ದು 1839ರಲ್ಲಿ, ಯುದ್ಧ ಬಾಗಿಲಿಗೆ ಬಂದದ್ದು 1840ರಲ್ಲಿ. ಹೊಲದಿಂದ ಕರೆತಂದವನಿಗೆ ಏಳು ವರ್ಷ ಬರಿಗೈ ಕಲಿಸಿ ಆಮೇಲೆ ಕತ್ತಿ ಕೊಡುವ ಪುರುಸೊತ್ತು ಯಾರಿಗಿತ್ತು? ಅವನ ಮೊದಲ ಪಾಠವೇ ನಮಗೆ ಕೊನೆಯ ಪಾಠ.

ಈ ತಿರುವು ನಡೆದ ಊರು ಫೋಶಾನ್. ಗುವಾಂಗ್‌ಝೌ ಪಕ್ಕದ್ದು, ಬಾಣಲೆಯಿಂದ ಫಿರಂಗಿಯ ತನಕ ಕಬ್ಬಿಣ ಎರಕ ಹೊಯ್ಯುವ, ಮಡಕೆ ಸುಡುವ ಕಸುಬಿನವರ ಊರು. ಕ್ಯಾಂಟನೀಸ್ ನಾಟಕದವರ ಸಂಘದ ಮನೆ ಇದ್ದದ್ದೂ ಇಲ್ಲೇ. 1854ರಲ್ಲಿ ಲಿ ವೆನ್‌ಮಾವ್ ಅನ್ನುವ ನಾಟಕದ ನಟನೇ ದಂಗೆಯ ಮುಂದಾಳಾದ. ದಂಗೆ ಮುರಿದ ಸರ್ಕಾರ ಸಂಘದ ಮನೆಯನ್ನು ನೆಲಸಮ ಮಾಡಿತು, ಹಲವು ವರ್ಷ ನಾಟಕವನ್ನೇ ನಿಷೇಧಿಸಿತು. ಲಿಯುಂಗ್ ಜಾನ್ ನಾಟಕದವರಿಂದ ಕಲಿತ ಅನ್ನುವ ಮಾತು ಇಂಥ ಊರಿಗೆ, ಇಂಥ ಕಾಲಕ್ಕೆ ಸೇರಿದ್ದು. ಸನ್ಯಾಸಿನಿಯ ಕಥೆಗಿಂತ ಇದು ಮಣ್ಣಿನ ವಾಸನೆ ಇರುವ ಕಥೆ. ಔಷಧಿ ಅಂಗಡಿಯ ವೈದ್ಯ, ಅವನ ಹತ್ತಿರ ಕಲಿತ ಚಾನ್ ವಾಶುನ್ ಹಣ ಚಿಲ್ಲರೆ ಮಾಡಿಕೊಡುವ ವ್ಯಾಪಾರಿ. ಬರುಬರುತ್ತಾ ಬಂದೂಕು ಬಂತು, ಕತ್ತಿ ಹಿಡಿದ ಊರಪಡೆಯ ಅಗತ್ಯ ತೀರಿತು. ಉಳಿದದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕಾರು ಜನ ಕಲಿಯುವ ವಿದ್ಯೆ. ಬಳಕೆ ತಪ್ಪಿದ್ದು ಅಪರೂಪವಾಗುತ್ತದೆ, ಅಪರೂಪವಾದ್ದಕ್ಕೆ ಬೆಲೆ ಬರುತ್ತದೆ. ಅಜ್ಜಿಯ ಕಾಲದ ಕಂಚಿನ ತಂಬಿಗೆ ಈಗ ಶೋಕೇಸಿನಲ್ಲಿ ಕೂರುವ ಹಾಗೆ.

ಇಪ್ ಮ್ಯಾನ್ 1949ರಲ್ಲಿ ಕಮ್ಯುನಿಸ್ಟರು ಬಂದಾಗ ಫೋಶಾನ್ ಬಿಟ್ಟು ಹಾಂಗ್‌ಕಾಂಗ್ ಸೇರಿದ. 1950ರಲ್ಲಿ ಹೋಟೆಲ್ ಕೆಲಸಗಾರರ ಸಂಘದ ಜಾಗದಲ್ಲಿ ಪಾಠ ಶುರುಮಾಡಿದ. ಅನುಕೂಲಸ್ಥರ ಮನೆಯ ಮಗ, ಹೊಟ್ಟೆಪಾಡಿಗೆ ಮೇಷ್ಟ್ರಾದ. ನೂರಾರು ಜನ ಬಂದರು, ಹೆಚ್ಚಿನವರು ನಡುವೆಯೇ ಬಿಟ್ಟರು. ಬ್ರೂಸ್ ಲೀ 1959ರಲ್ಲಿ ಅಮೆರಿಕಕ್ಕೆ ಹೋದಾಗ ಅವನೂ ಈ ಕಲೆಯನ್ನು ಪೂರ್ತಿ ಮುಗಿಸಿರಲಿಲ್ಲ. ಕತ್ತಿಯ ತನಕ ಬಂದವರು ಬೆರಳೆಣಿಕೆಯಷ್ಟು. ಆ ಬೆರಳೆಣಿಕೆಯಲ್ಲಿ ಯಾರ್ಯಾರು ಇದ್ದರು ಅನ್ನುವುದಕ್ಕೆ ಇಂದಿಗೂ ಜಗಳ ನಿಂತಿಲ್ಲ.

1972ರಲ್ಲಿ, ಗಂಟಲು ಕ್ಯಾನ್ಸರಿನಿಂದ ಸಾಯುವುದಕ್ಕೆ ಕೆಲವೇ ವಾರ ಮುಂಚೆ, ಇಪ್ ಮ್ಯಾನ್ ತನ್ನ ವಿದ್ಯೆಯನ್ನು 8 ಎಂ.ಎಂ. ಕ್ಯಾಮೆರಾ ಮುಂದೆ ಮಾಡಿ ತೋರಿಸಿದ. ಸೊರಗಿದ ಮುದುಕ, ಮನೆಯ ಬಟ್ಟೆಯಲ್ಲೇ ನಿಂತು, ಒಂದು ಆತುರವಿಲ್ಲದೆ ಮಾಡುತ್ತಾನೆ. ಬರಿಗೈಯ ಮೊದಲ ಎರಡು ವರಸೆ ಇದೆ. ಮರದ ಬೊಂಬೆ ಇದೆ. ಕತ್ತಿ ಇಲ್ಲ. ಆ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡ.

ಹಾಗಾಗಿ ಇವತ್ತು ಕತ್ತಿಯ ವರಸೆಗೆ ಮೂಲಪ್ರತಿ ಇಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಮೂಲ ಕೋಡು ಕಳೆದುಹೋಗಿದೆ, ಅವರವರ ಮೆಷೀನಿನಲ್ಲಿ ಇರುವ ಕಾಪಿಗಳು ಮಾತ್ರ ಓಡುತ್ತಿವೆ, ಪ್ರತಿಯೊಬ್ಬನೂ ತನ್ನದೇ ಒರಿಜಿನಲ್ಲು ಅನ್ನುತ್ತಾನೆ. ನನಗೆ ಕಾಡಿದ ಪ್ರಶ್ನೆ ಇದು: ಕಥೆಯೂ ನಿಜವಲ್ಲ, ಮೂಲವೂ ಇಲ್ಲ ಅಂದಮೇಲೆ ನಾನು ಬೆಳಗ್ಗೆ ಎದ್ದು ಕಾಪಾಡುತ್ತಿರುವುದಾದರೂ ಏನನ್ನು?

ಉತ್ತರದ ಒಂದು ತುಣುಕು ಕತ್ತಿಯಲ್ಲೇ ಸಿಕ್ಕಿತು. ಉಳಿದುಬಂದಿರುವ 19ನೇ ಶತಮಾನದ ಜೋಡಿಗಳಲ್ಲಿ ಎಷ್ಟೋ ಉದ್ದನೆಯವು, ಒಂದೂವರೆಯಿಂದ ಎರಡು ಅಡಿ ಅಲಗು, ಸಪೂರ, ತುದಿ ಚೂಪು. ಚುಚ್ಚಲೂ ಬರುವಂಥವು. ಈಗ ವಿಂಗ್ ಚುನ್‌ನವರು ಹಿಡಿಯುವುದು ಗಿಡ್ಡ, ಅಗಲ. ಅಳತೆ ಹೇಗೆ ಅಂದರೆ, ಕತ್ತಿ ತಿರುಗಿಸಿ ಮಲಗಿಸಿದಾಗ ತುದಿ ಮೊಳಕೈ ದಾಟಬಾರದು. ಎರಡು ಅಡಿಯ ಅಲಗನ್ನು ಹಾಗೆ ತಿರುಗಿಸಿದರೆ ತುದಿ ಮೊಳಕೈ ಆಚೆ ಚಾಚಿ ನಮ್ಮ ಪಕ್ಕೆಗೇ ಬರುತ್ತದೆ! ಅಂದರೆ ಕತ್ತಿ ಗಿಡ್ಡವಾದ ಹಾಗೆಲ್ಲ ವರಸೆಯೂ ಬದಲಾಗಿರಬೇಕು. ಬದಲಾಗದೆ ಬಂದ ವಿದ್ಯೆ ಅನ್ನುವ ಮಾತನ್ನು ಕತ್ತಿಯೇ ಒಪ್ಪುವುದಿಲ್ಲ.

ಇನ್ನೊಂದು ತುಣುಕು ಸಿಕ್ಕಿದ್ದು ಗೆಳೆಯನೊಬ್ಬನಿಂದ. ಅವನೂ ವಿಂಗ್ ಚುನ್ ಕಲಿಯುವವನೇ, ಆದರೆ ಬೇರೆ ಶಿಷ್ಯಪರಂಪರೆ. ಒಂದು ಭಾನುವಾರ ಇಬ್ಬರೂ ಕತ್ತಿ ಹಿಡಿದು ಎದುರುಬದುರು ನಿಂತೆವು. ನೀನು ಮಾಡು ನೋಡೋಣ, ನಾನು ಮಾಡುತ್ತೇನೆ ನೋಡು. ಮೊದಲ ಭಾಗದಲ್ಲೇ ನಗು ಬಂತು. ನಾನು ಎಡಕ್ಕೆ ಹೋದರೆ ಅವನು ನೇರ. ನಾನು ಮೂರು ಸಲ ಮಾಡುವುದನ್ನು ಅವನು ಒಂದು ಸಲ. ನನ್ನ ನಾಲ್ಕನೇ ಭಾಗ ಅವನಿಗೆ ಆರನೆಯದು. ಮೊದಲಾಗಿದ್ದರೆ ಯಾರದ್ದು ಸರಿ ಅಂತ ವಾದ ಮಾಡುತ್ತಿದ್ದೆ. ಅವತ್ತು ತಲೆಗೆ ಬಂದದ್ದು ಡಿ.ಎಲ್.ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'. ಕವಿಯ ಕೈಬರಹ ಸಿಕ್ಕದೆ ಇದ್ದಾಗ ಬೇರೆ ಬೇರೆ ಊರಿನ ಓಲೆಗರಿಗಳನ್ನು ಪಕ್ಕಪಕ್ಕ ಇಟ್ಟು ಪಾಠಾಂತರ ಹೋಲಿಸುತ್ತಾರಲ್ಲ, ಹಾಗೆ. ಒಂದರಲ್ಲಿ ಮಾತ್ರ ಇರುವುದು ಆಮೇಲೆ ಸೇರಿದ್ದಿರಬಹುದು. ಎಲ್ಲದರಲ್ಲೂ ಇರುವುದು ಹಳೆಯದು ಇರಬಹುದು.

ಒಂದು ಹಾಳೆಯ ಮೇಲೆ ಎರಡು ಕಾಲಂ ಮಾಡಿ ಬರೆದೆವು. ಎರಡು ಗಂಟೆಯ ಮೇಲೆ ಎರಡೂ ಕಡೆ ಒಂದೇ ಆಗಿ ಉಳಿದದ್ದು ಮೂರು. ಕೈಗಿಂತ ಮುಂಚೆ ಕಾಲು ಹೋಗುತ್ತದೆ. ಒಂದು ಕತ್ತಿ ಮುಚ್ಚದೆ ಇನ್ನೊಂದು ಕಡಿಯುವುದಿಲ್ಲ. ಮತ್ತೆ, ಗುರಿ ಎದೆಯೋ ಕೊರಳೋ ಅಲ್ಲ, ಮೊದಲು ಆಯುಧ ಹಿಡಿದ ಎದುರಾಳಿಯ ಕೈ.

ಆ ಮೂರನ್ನು ನೋಡುತ್ತಾ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಇದರಲ್ಲಿ ಮಠದ ಗುಟ್ಟು ಯಾವುದೂ ಇಲ್ಲ. ಹೊಲದಿಂದ ಬಂದವನೊಬ್ಬನಿಗೆ ಒಂದು ಮಧ್ಯಾಹ್ನದಲ್ಲಿ ಹೇಳಿಕೊಡಬಹುದಾದ ಮಾತು. 'ನೋಡಪ್ಪಾ, ಕಾಲು ಮುಂದಿಡು, ಒಂದರಲ್ಲಿ ಮುಚ್ಚಿಕೋ, ಅವನ ಕೈಗೆ ಹೊಡಿ, ಬದುಕಿಕೊಂಡು ಮನೆಗೆ ಬಾ.' ಉಳಿದ ಎಂಟು ಭಾಗದ ಅಲಂಕಾರವೆಲ್ಲ ಪುರುಸೊತ್ತು ಸಿಕ್ಕ ಮೇಲೆ ಬಂದದ್ದು ಅನ್ನುವುದು ನನ್ನ ಊಹೆ. ಊಹೆ ಅಷ್ಟೇ, ಇಬ್ಬರ ಹಾಳೆಯಿಂದ ಇತಿಹಾಸ ಬರೆಯಲಾಗುವುದಿಲ್ಲ. ಆದರೆ ನನಗೆ ಕಾಪಾಡಲು ಏನೋ ಒಂದು ಸಿಕ್ಕಿತು. ಸನ್ಯಾಸಿನಿ ಹೋದಳು, ಅವಳ ಜಾಗದಲ್ಲಿ ಹೆಸರಿಲ್ಲದ ಒಬ್ಬ ರೈತ ಬಂದು ನಿಂತ. ಅವನ ಎದುರಿಗೆ ಮಳೆಯಲ್ಲಿ ನೆಂದ, ಅವನಷ್ಟೇ ಹೆಸರಿಲ್ಲದ ಮದ್ರಾಸಿನ ಸಿಪಾಯಿ. ಇಬ್ಬರಿಗೂ ಆ ಹೊತ್ತಿಗೆ ಬೇಕಾಗಿದ್ದದ್ದು ಮನೆ ಸೇರುವುದು.

ಇದನ್ನೆಲ್ಲ ಮೇಷ್ಟ್ರಿಗೆ ಹೇಳಬೇಕೋ ಬೇಡವೋ ಅಂತ ಹೆದರಿಕೊಂಡೇ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಪೂರ್ತಿ ಕೇಳಿಸಿಕೊಂಡು, "ನಂಗೆ ನಮ್ಮ ಮೇಷ್ಟ್ರು ಹೇಳಿದ್ದನ್ನ ನಾನು ನಿಂಗೆ ಹೇಳಿದೆ. ನೀನು ಓದಿದ್ದನ್ನೂ ಸೇರಿಸಿ ನಿನ್ನ ಹುಡುಗರಿಗೆ ಹೇಳು. ಕಾಲು ಮಾತ್ರ ಇನ್ನೂ ಸರಿ ಇಲ್ಲ ನಿಂದು" ಅಂದರು.

ಮಾರನೆಯ ದಿನದಿಂದ ಮತ್ತೆ ಟೆರೇಸು. ಆಂಟಿ ಎಂದಿನಂತೆ ಕೇಳಿದರು, ಇವತ್ತು ಯಾರನ್ನಪ್ಪಾ ಅಂತ. "ಯಾರನ್ನೂ ಇಲ್ಲ ಆಂಟಿ, ಕಾಲು ಸರಿ ಮಾಡ್ಕೋತಿದೀನಿ" ಅಂದೆ.

ನಿಮ್ಮಲ್ಲಿ ಯಾರಾದರೂ ಹೀಗೆ ಕೈಯಿಂದ ಕೈಗೆ ಬಂದದ್ದನ್ನು ಕಲಿಯುತ್ತಿದ್ದರೆ, ಸಂಗೀತವೋ ಯಕ್ಷಗಾನದ ಹೆಜ್ಜೆಯೋ ಅಜ್ಜಿಯ ಹುಳಿಪುಡಿಯೋ, ಒಂದು ಭಾನುವಾರ ಬೇರೆ ಮನೆಯವರ ಜೊತೆ ಕೂತು ಎರಡು ಕಾಲಂ ಮಾಡಿ ನೋಡಿ. ಕೊನೆಗೆ ಎರಡೂ ಕಡೆ ಉಳಿಯುವುದು ಏನು ಅಂತ ನನಗೂ ತಿಳಿಸಿ.